ಉಸಿರಿನ ಗುರುತು, ಅರ್ಥದ ಗಡಿ

ಒಂದು ಅಲ್ಪವಿರಾಮ ಮನುಷ್ಯನನ್ನು ಗಲ್ಲಿಗೇರಿಸಬಲ್ಲುದೇ? ಐರ್ಲೆಂಡಿನ ಸರ್ ರೋಜರ್ ಕೇಸ್‌ಮೆಂಟ್ ‘ಅಲ್ಪವಿರಾಮಕ್ಕೆ ನೇಣಾದವನು’ ಎಂದೇ ಇತಿಹಾಸದಲ್ಲಿ ಪ್ರಸಿದ್ಧ. ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿ ಕಾಂಗೋದಲ್ಲಿ ದುಡಿದು, ಅಲ್ಲಿನ ರಬ್ಬರ್ ವ್ಯಾಪಾರದ ಕ್ರೌರ್ಯವನ್ನು ಲೋಕಕ್ಕೆ ತಿಳಿಸಿದವನು ಆತ. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ ಜರ್ಮನಿಗೆ ಹೋಗಿ, ಸೆರೆಯಲ್ಲಿದ್ದ ಐರಿಷ್ ಸೈನಿಕರನ್ನು ಬ್ರಿಟನ್ನಿನ ವಿರುದ್ಧ ಸಂಘಟಿಸಲು ಯತ್ನಿಸಿದ. 1916ರಲ್ಲಿ ಸಿಕ್ಕಿಬಿದ್ದ. ಅವನ ಮೇಲೆ ಹೊರಿಸಿದ್ದು 1351ರ ರಾಜದ್ರೋಹದ ಕಾನೂನು.

ಹಳೆಯ ಫ್ರೆಂಚಿನಲ್ಲಿದ್ದ ಆ ಕಾನೂನಿನ ಪ್ರಕಾರ, ರಾಜ್ಯದೊಳಗೆ ರಾಜನ ವೈರಿಗಳ ಪಕ್ಷ ಸೇರುವುದು ದ್ರೋಹ. ಆ ಮಾತಿನ ಬೆನ್ನಿಗೇ, ವೈರಿಗಳಿಗೆ ರಾಜ್ಯದಲ್ಲಿ ನೆರವು ನೀಡುವ ಮಾತು. ಕೊನೆಯಲ್ಲಿ ‘ಅಥವಾ ಬೇರೆಡೆ’ ಎಂಬ ಬಾಲ. ಈ ಬಾಲ ಯಾವುದಕ್ಕೆ ಸೇರಿದ್ದು? ಹತ್ತಿರದ ‘ನೆರವು’ ಎಂಬುದಕ್ಕೆ ಮಾತ್ರವೆಂದರೆ ಜರ್ಮನಿಯಲ್ಲಿ ಮಾಡಿದ ಕೃತ್ಯ ಕಾನೂನಿಗೆ ಸಿಗದು ಎಂದು ವಕೀಲರು ವಾದಿಸಿದರು. ಅದರ ಹಿಂದೆ ಒಂದು ವಿರಾಮ ಇದೆಯೆಂದಾದರೆ, ‘ಬೇರೆಡೆ’ ಎಂಬುದು ಇಡೀ ವಾಕ್ಯಕ್ಕೆ ಅನ್ವಯಿಸುತ್ತದೆ. ಮೂಲ ಚರ್ಮಪತ್ರದ ಮೇಲಿನ ಗುರುತುಗಳ ಪರಿಶೀಲನೆಯೂ ನಡೆಯಿತು. ನ್ಯಾಯಾಲಯ ಚಿಹ್ನೆಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಹಿಂದಿನ ಕಾನೂನು ಪಂಡಿತರ ವ್ಯಾಖ್ಯಾನಗಳನ್ನು ಆಧರಿಸಿತು. ಆದರೆ ಒಪ್ಪಿದ್ದು ಎರಡನೆಯ ಅರ್ಥವನ್ನೇ. 1916ರ ಆಗಸ್ಟ್ 3ರಂದು ಕೇಸ್‌ಮೆಂಟ್‌ನನ್ನು ಗಲ್ಲಿಗೇರಿಸಲಾಯಿತು.

ಇಷ್ಟು ಬಲವುಳ್ಳ ಈ ಚಿಹ್ನೆಗಳು ಹುಟ್ಟಿದ್ದು ಅರ್ಥ ನಿರ್ಣಯಕ್ಕಾಗಿ ಅಲ್ಲ, ಉಸಿರಾಟದ ಅನುಕೂಲಕ್ಕಾಗಿ ಎಂಬುದು ಸ್ವಾರಸ್ಯದ ಸಂಗತಿ.

ಚುಕ್ಕಿಯಿಂದ ಮೊದಲು

ಪ್ರಾಚೀನ ಗ್ರೀಕರು ಪದಗಳ ನಡುವೆ ಜಾಗವನ್ನೇ ಬಿಡದೆ ಬರೆಯುತ್ತಿದ್ದರು. ಓದುವುದೆಂದರೆ ಬಹುಮಟ್ಟಿಗೆ ಗಟ್ಟಿಯಾಗಿ ಓದುವುದೇ. ಎಲ್ಲಿ ನಿಲ್ಲಬೇಕೆಂಬುದು ಓದುವವನ ಹೊಣೆ. ಕ್ರಿ.ಪೂ. 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಬೈಜಾಂಟಿಯಮ್ಮಿನ ಅರಿಸ್ಟೊಫೇನಿಸ್ ಇದಕ್ಕೊಂದು ಉಪಾಯ ಹೂಡಿದ. ಸಾಲಿನ ಮೂರು ಎತ್ತರಗಳಲ್ಲಿ ಚುಕ್ಕಿಯಿಟ್ಟು, ಚಿಕ್ಕ, ನಡು ಮತ್ತು ದೊಡ್ಡ ನಿಲುಗಡೆಗಳನ್ನು ಸೂಚಿಸಿದ. ಆ ನಿಲುಗಡೆಗಳ ಹಿಂದಿನ ಮಾತಿನ ತುಂಡುಗಳಿಗೆ ಇದ್ದ ಹೆಸರುಗಳು ಕೊಮ್ಮಾ, ಕೋಲನ್, ಪೀರಿಯಡೋಸ್. ಕೊಮ್ಮಾ ಎಂದರೆ ಕತ್ತರಿಸಿದ ತುಂಡು. ಕೋಲನ್ ಎಂದರೆ ಅಂಗ. ತುಂಡಿನ ಹೆಸರೇ ಕಾಲಕ್ರಮದಲ್ಲಿ ಚಿಹ್ನೆಯ ಹೆಸರಾಯಿತು.

ಪದಗಳ ನಡುವೆ ಜಾಗ ಬಿಡುವ ರೂಢಿಯನ್ನು ಏಳು-ಎಂಟನೆಯ ಶತಮಾನಗಳಲ್ಲಿ ನೆಲೆಗೊಳಿಸಿದವರು ಐರ್ಲೆಂಡಿನ ಸನ್ಯಾಸಿಗಳು. ಅವರಿಗೆ ಲ್ಯಾಟಿನ್ ಕಲಿತ ಭಾಷೆ, ಮನೆಮಾತಲ್ಲ. ಪರಭಾಷೆಯನ್ನು ಬಿಡಿಸಿ ಓದುವ ಕಷ್ಟ ಬಲ್ಲವರಿಗೇ ಈ ಸೌಲಭ್ಯ ಹೊಳೆದದ್ದು ಸಹಜ.

ಮುದ್ರಣ ಬಂದ ಮೇಲೆ ಚಿಹ್ನೆಗಳು ಒಂದು ಶಿಸ್ತಿಗೆ ಒಳಪಟ್ಟವು. ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸ್ 1490ರ ದಶಕದಲ್ಲಿ ಅರ್ಧವಿರಾಮವನ್ನು ಅಚ್ಚಿಗೆ ತಂದ. ಇಂಗ್ಲೆಂಡಿಗೆ 1476ರಲ್ಲಿ ಮುದ್ರಣ ತಂದ ಕ್ಯಾಕ್ಸ್‌ಟನ್ ಅಲ್ಪವಿರಾಮದ ಜಾಗದಲ್ಲಿ ಓರೆಗೆರೆಯನ್ನು ಬಳಸುತ್ತಿದ್ದ. ಆದರೂ ಉಸಿರಿನ ಲೆಕ್ಕ ಬೇಗ ಬಿಡಲಿಲ್ಲ. 1795ರಲ್ಲಿ ಲಿಂಡ್ಲಿ ಮರ್ರೆ ಬರೆದ, ಮುಂದೆ ಶಾಲೆಗಳಲ್ಲಿ ಬಹುಕಾಲ ನಡೆದ ಇಂಗ್ಲಿಷ್ ವ್ಯಾಕರಣವೂ ಅಲ್ಪವಿರಾಮದ ಎರಡರಷ್ಟು ಕಾಲ ಅರ್ಧವಿರಾಮಕ್ಕೆ, ಅದರ ಎರಡರಷ್ಟು ಕೋಲನ್‌ಗೆ, ಅದರ ಎರಡರಷ್ಟು ಪೂರ್ಣವಿರಾಮಕ್ಕೆ ಎಂದು ತಾಳ ಹಾಕಿದಂತೆ ಹೇಳುತ್ತದೆ.

ವಾಕ್ಯದೊಳಗಿನ ವಾಕ್ಯ

ಮೌನ ಓದು ಹೆಚ್ಚಿದಂತೆ ಚಿಹ್ನೆಯ ಕೆಲಸ ಬದಲಾಯಿತು. ಇಂದಿನ ಇಂಗ್ಲಿಷಿನಲ್ಲಿ ಅದು ಮುಖ್ಯವಾಗಿ ಉಪವಾಕ್ಯಗಳ ಗಡಿಗಲ್ಲು. ಅದನ್ನು ಎಲ್ಲಿ ನೆಡಬೇಕೆಂದು ತಿಳಿಯಲು ಕಿವಿ ಸಾಲದು. ವಾಕ್ಯದ ಕಟ್ಟಡ ಗೊತ್ತಿರಬೇಕು. ಕನ್ನಡ ಮನೆಮಾತಿನ ವಿದ್ಯಾರ್ಥಿ ಎಡವುವುದು ಇಲ್ಲಿಯೇ.

‘ಹುಡುಗ ಎದ್ದು, ಮುಖ ತೊಳೆದು, ಕಾಫಿ ಕುಡಿದು ಶಾಲೆಗೆ ಹೋದ’ ಎನ್ನುತ್ತೇವೆ. ನಾಲ್ಕು ಕೆಲಸ, ಆದರೆ ಪೂರ್ಣ ಕ್ರಿಯಾಪದ ಒಂದೇ. ಉಳಿದವು ‘ಎದ್ದು’, ‘ತೊಳೆದು’, ‘ಕುಡಿದು’ ಎಂಬ ಅಪೂರ್ಣ ರೂಪಗಳು. ವಾಕ್ಯವನ್ನು ಪೋಣಿಸುವ ದಾರ ಕ್ರಿಯಾಪದದ ಕೊನೆಯಲ್ಲೇ ಇದೆ; ಅಲ್ಪವಿರಾಮಗಳನ್ನು ಅಳಿಸಿದರೂ ಅರ್ಥ ಕೆಡದು. ಇಂಗ್ಲಿಷಿನಲ್ಲಿ ಇದನ್ನೇ ಹೇಳುವಾಗ ಸಾಮಾನ್ಯವಾಗಿ ನಾಲ್ಕೂ ಪೂರ್ಣ ಕ್ರಿಯಾಪದಗಳು. ಅವನ್ನು ಜೋಡಿಸಲು ‘ಆಂಡ್’ ಮೊದಲಾದ ಅವ್ಯಯಗಳೂ ಚಿಹ್ನೆಗಳೂ ಬೇಕು.

‘ಮಳೆ ಸುರಿಯುತ್ತಿತ್ತು, ನಾವು ಮನೆಯಲ್ಲೇ ಉಳಿದೆವು’ ಎಂಬುದು ಕನ್ನಡದಲ್ಲಿ ಸಲೀಸು. ಇದನ್ನೇ ಇಂಗ್ಲಿಷಿಗೆ ಇಳಿಸಿ ನಡುವೆ ಬರೀ ಅಲ್ಪವಿರಾಮವಿಟ್ಟರೆ ಮೇಷ್ಟ್ರ ಕೆಂಪು ಶಾಯಿ ಬೀಳುತ್ತದೆ. ತಮ್ಮ ಕಾಲ ಮೇಲೆ ನಿಲ್ಲಬಲ್ಲ ಎರಡು ವಾಕ್ಯಗಳನ್ನು ಹಿಡಿದಿಡುವ ಶಕ್ತಿ ಅಲ್ಲಿ ಅಲ್ಪವಿರಾಮಕ್ಕೆ ಇಲ್ಲ. ‘ಸೋ’ ಎಂಬ ಸಂಬಂಧಸೂಚಕವನ್ನು ಸೇರಿಸಬೇಕು, ಇಲ್ಲವೇ ಅರ್ಧವಿರಾಮವನ್ನೋ ಪೂರ್ಣವಿರಾಮವನ್ನೋ ಇಡಬೇಕು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರ್ ಈಸ್ ಎ ಡಾಕ್ಟರ್’ ಎಂದು ವಿರಾಮವಿಲ್ಲದೆ ಬರೆದರೆ, ಇರುವ ಹಲವು ಅಣ್ಣತಮ್ಮಂದಿರಲ್ಲಿ ಮೈಸೂರಿನವನು ವೈದ್ಯ ಎಂದರ್ಥ. ‘ಹೂ’ ಎಂಬುದಕ್ಕೆ ಮುಂಚೆ, ‘ಮೈಸೂರ್’ ಆದ ಮೇಲೆ ಒಂದೊಂದು ಅಲ್ಪವಿರಾಮ ಬಿದ್ದರೆ, ಸಾಮಾನ್ಯವಾಗಿ ಇರುವುದೇ ಒಬ್ಬ ಸೋದರ, ಮೈಸೂರಿನ ವಿಷಯ ಬರೀ ಹೆಚ್ಚಿನ ಮಾಹಿತಿ. ಎರಡು ಚುಕ್ಕಿಬಾಲಗಳು ಒಂದು ಕುಟುಂಬದ ಗಾತ್ರವನ್ನೇ ಬದಲಿಸುತ್ತವೆ. ಕನ್ನಡದ ‘ಮೈಸೂರಿನಲ್ಲಿರುವ ನನ್ನ ಅಣ್ಣ’ ಎಂಬ ಮಾತಿನಲ್ಲಿ ಎರಡೂ ಅರ್ಥಗಳು ಅಡಗಿವೆ. ಬೇರ್ಪಡಿಸಲು ನಮಗೆ ಬೇರೆ ಪದಗಳೇ ಬೇಕು.

50 ಲಕ್ಷ ಡಾಲರಿನ ವಿರಾಮ

ಇದು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ್ದಲ್ಲ. ಅಮೆರಿಕದ ಮೇಯ್ನ್ ರಾಜ್ಯದ ಕಾನೂನೊಂದು ಆಹಾರ ಪದಾರ್ಥಗಳ ಕೆಲವು ಕೆಲಸಗಳಿಗೆ ಹೆಚ್ಚುವರಿ ದುಡಿಮೆಯ ಭತ್ಯೆ ಇಲ್ಲವೆಂದು ಪಟ್ಟಿ ಮಾಡಿತ್ತು. ಪಟ್ಟಿಯ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು. ‘ಆರ್’ ಎಂಬುದರ ಮುಂಚೆ ಅಲ್ಪವಿರಾಮ ಇರಲಿಲ್ಲ. ಓಕ್‌ಹರ್ಸ್ಟ್ ಡೈರಿಯ ಲಾರಿ ಚಾಲಕರು ಇದನ್ನೇ ಹಿಡಿದರು: ಕಾನೂನು ಹೇಳುವುದು ಸಾಗಣೆಗಾಗಿ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವ ಒಂದೇ ಕೆಲಸವನ್ನು, ನಾವು ಪ್ಯಾಕ್ ಮಾಡುವವರಲ್ಲ, ಹಂಚುವವರು, ನಮಗೆ ಭತ್ಯೆ ಬರಬೇಕು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಕಾನೂನಿನ ಮಾತು ಸಂದಿಗ್ಧವೆಂದು ಕಂಡು ಚಾಲಕರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಶಾಸಕಾಂಗ ಪಟ್ಟಿಯನ್ನು ತಿದ್ದಿ, ಪ್ರತಿ ಕೆಲಸದ ನಡುವೆಯೂ ಅರ್ಧವಿರಾಮವನ್ನು ಕೂರಿಸಿತ್ತು.

ನಮ್ಮ ವಿರಾಮ

ಕನ್ನಡದ ತಾಳೆಗರಿಗಳಲ್ಲಿ ಪದ್ಯದ ಕೊನೆಯ ದಂಡ, ಜೋಡಿದಂಡಗಳನ್ನು ಬಿಟ್ಟರೆ ಇಂಥ ಚಿಹ್ನೆಗಳ ಬಳಕೆ ಇರಲಿಲ್ಲ. ಅಲ್ಲಿ ಛಂದಸ್ಸೇ ಉಸಿರಿನ ಲೆಕ್ಕ ಇಡುತ್ತಿತ್ತು. ಇಂದು ನಾವು ಬಳಸುವ ಚಿಹ್ನೆಗಳು ಇಂಗ್ಲಿಷಿನಿಂದ ಹತ್ತೊಂಬತ್ತನೆಯ ಶತಮಾನದ ಮುದ್ರಣದ ಜೊತೆಗೆ ಬಂದವು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ ಬಳಿಕ ಪತ್ರಿಕೆಯ ಗದ್ಯವೂ ಬೆಳೆಯಿತು. ಪದ್ಯದ ಲಯದ ಆಸರೆಯಿಲ್ಲದ ಗದ್ಯಕ್ಕೆ ಈ ಚಿಹ್ನೆಗಳು ಒದಗಿಬಂದವು.

ಚಿಹ್ನೆಗಳನ್ನು ತಂದುಕೊಂಡರೂ ಹೆಸರುಗಳನ್ನು ಮಾತ್ರ ನಾವು ಬೇರೆಯೇ ಇಟ್ಟುಕೊಂಡೆವು. ಇಂಗ್ಲಿಷಿನ ‘ಕಾಮಾ’ ಎಂಬ ಹೆಸರಿನಲ್ಲಿ ಕತ್ತರಿಸಿದ ವಾಕ್ಯದ ತುಂಡಿದೆ. ನಮ್ಮ ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮಗಳಲ್ಲಿ ಇರುವುದು ನಿಂತು ದಣಿವಾರಿಸಿಕೊಳ್ಳುವ ಗಳಿಗೆ. ಕನ್ನಡ ಓದುವಾಗ ಆ ಹೆಸರನ್ನು ನಂಬಿದರೆ ಹೆಚ್ಚಿನ ಮೋಸವಿಲ್ಲ. ಇಂಗ್ಲಿಷ್ ಬರೆಯಲು ಕೂತಾಗ ಮಾತ್ರ ಉಸಿರನ್ನು ಬದಿಗಿಟ್ಟು, ಪೂರ್ಣ ಕ್ರಿಯಾಪದಗಳು ಎಷ್ಟು, ಅವನ್ನು ಜೋಡಿಸುವ ಪದ ಯಾವುದು ಎಂದು ಮೊದಲು ಎಣಿಸಿಕೊಳ್ಳುವುದು ಮೇಲು.