ಹೊತ್ತಿಗೆ ಸರಿಯಾಗಿ, ಒಂದೇ ಸಲ: ತಂತ್ರಾಂಶಗಳು ಸಮಯ ಪಾಲಿಸಲು ಕಲಿತ ಬಗೆ

ಹೊನ್ನಾವರದ ಹವಾಮಾನ ವೀಕ್ಷಣಾಲಯದಲ್ಲಿ ದಿನದ ಮಳೆ ಅಳೆಯುವ ಹೊತ್ತು ಬೆಳಗಿನ ಎಂಟೂವರೆ. ಹಿಂದಿನ ದಿನದ ಎಂಟೂವರೆಯಿಂದ ಮಾಪಕದಲ್ಲಿ ಶೇಖರವಾದ ನೀರನ್ನು ಅಳತೆಯ ಗಾಜಿಗೆ ಸುರಿದು, ಮಿಲಿಮೀಟರಿನಲ್ಲಿ ಓದಿ ಬರೆದಿಟ್ಟರೆ ಅದು ಆ ದಿನದ ಮಳೆ. ಎಂಟೂವರೆ ಎನ್ನುವುದು ಯಾರದೋ ಅನುಕೂಲಕ್ಕೆ ಗೊತ್ತುಮಾಡಿದ್ದಲ್ಲ. ಜಗತ್ತಿನ ವೀಕ್ಷಣಾಲಯಗಳು ಏಕಕಾಲಕ್ಕೆ ಅಳತೆ ತೆಗೆಯುವ ಗಳಿಗೆಗಳಲ್ಲಿ ವಿಶ್ವಮಾನ ಸಮಯದ ಮೂರು ಗಂಟೆಯೂ ಒಂದು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಇಲ್ಲಿ ಅದು ಎಂಟೂವರೆ.

ತಂತ್ರಾಂಶದ ಜಗತ್ತಿನಲ್ಲಿ ಇಂಥ ಕೆಲಸಕ್ಕೆ ರಿಕರಿಂಗ್ ಜಾಬ್ ಎನ್ನುತ್ತಾರೆ. ಯಾರೂ ಗುಂಡಿ ಒತ್ತದೆ, ಗೊತ್ತಾದ ಹೊತ್ತಿಗೆ ಹಿನ್ನೆಲೆಯಲ್ಲಿ ಮತ್ತೆ ಮತ್ತೆ ನಡೆಯುವ ಕೆಲಸ. ಅದರ ಜೊತೆಯದು ಡಿಲೇಡ್ ಜಾಬ್, ಅಂದರೆ ಈಗ ಹೇಳಿಟ್ಟು ಮುಂದೊಂದು ಹೊತ್ತಿಗೆ ಒಂದೇ ಸಲ ಮಾಡಿಸುವ ಕೆಲಸ. ಗಡಿಯಾರ ನೋಡುವುದರಲ್ಲಿ ಕಷ್ಟವೇನಿದೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಈ ಕ್ಷೇತ್ರದ ಐವತ್ತು ವರ್ಷಗಳ ಬೆಳವಣಿಗೆಯಲ್ಲಿ ಗಡಿಯಾರದ ಪಾಲು ಸಣ್ಣದು. ಹೊತ್ತು ತಪ್ಪಿಹೋದರೆ ಏನು, ಒಂದೇ ಕೆಲಸ ಎರಡು ಸಲ ನಡೆದರೆ ಏನು ಎಂಬ ಎರಡು ಪ್ರಶ್ನೆಗಳೇ ಅದನ್ನು ಬೆಳೆಸಿದ್ದು.

ಮೊದಲ ತಲೆಮಾರಿನ ದೊಡ್ಡ ಕಂಪ್ಯೂಟರುಗಳಲ್ಲಿ ಕೆಲಸಗಳನ್ನು ಕಂತೆಕಟ್ಟಿ ಸರದಿಯಲ್ಲಿ ಓಡಿಸುತ್ತಿದ್ದರು. ಬ್ಯಾಂಕುಗಳಲ್ಲಿ ಈಗಲೂ ನಡೆಯುವ ‘ಡೇ ಎಂಡ್’ ಆ ವಂಶದ್ದೇ: ಕೌಂಟರ್ ಮುಚ್ಚಿದ ಮೇಲೆ ಬಡ್ಡಿ ಲೆಕ್ಕ, ಕಂತಿನ ಲೆಕ್ಕ, ಮರುದಿನಕ್ಕೆ ದಿನಾಂಕ ಬದಲಾವಣೆ. ಆದರೆ ಇಂದಿನ ಪ್ರೋಗ್ರಾಮರುಗಳು ಬಳಸುವ ಭಾಷೆ ಬಂದಿದ್ದು ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ನಿಂದ. 1979ರ ಏಳನೇ ಆವೃತ್ತಿಯಲ್ಲಿದ್ದ ಕ್ರಾನ್ ತೀರ ಸರಳ. ನಿಮಿಷಕ್ಕೊಮ್ಮೆ ಎಚ್ಚರಗೊಳ್ಳುತ್ತಿತ್ತು, ಪಟ್ಟಿ ನೋಡುತ್ತಿತ್ತು, ಆ ನಿಮಿಷಕ್ಕೆ ಬರೆದ ಕೆಲಸವಿದ್ದರೆ ಮಾಡಿಸುತ್ತಿತ್ತು, ಮತ್ತೆ ನಿದ್ದೆ. ಪಟ್ಟಿಯ ಪ್ರತಿ ಸಾಲಿನಲ್ಲಿ ಐದು ಅಂಕಣ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ನಕ್ಷತ್ರದ ಗುರುತಿದ್ದಲ್ಲಿ ‘ಯಾವುದಾದರೂ ಸರಿ’ ಎಂದರ್ಥ. ಹೊನ್ನಾವರದ ಮಳೆ ಓದುವ ಕೆಲಸವನ್ನು ಆ ಪಟ್ಟಿಯಲ್ಲಿ ಬರೆಯಬೇಕಾದರೆ ಹೀಗೆ:

30 8 * * *

ಸರ್ವರಿನ ಗಡಿಯಾರ ವಿಶ್ವಮಾನ ಸಮಯದಲ್ಲಿದ್ದರೆ ಇದೇ ಸಾಲು 0 3 * * * ಆಗಬೇಕು. ಇದನ್ನು ಮರೆತರೆ ಎಂಟೂವರೆಯ ಕೆಲಸ ಮಧ್ಯಾಹ್ನ ಎರಡಕ್ಕೆ ನಡೆಯುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. ತಾರೀಕು, ವಾರ ಎರಡೂ ಅಂಕಣ ತುಂಬಿದರೆ ಕ್ರಾನ್ ‘ಎರಡೂ ಕೂಡಿಬಂದ ದಿನ’ ಎಂದು ಓದುವುದಿಲ್ಲ, ‘ಎರಡರಲ್ಲಿ ಒಂದಾದರೂ ಬಂದ ದಿನ’ ಎಂದು ಓದುತ್ತದೆ. 0 9 13 * 5 ಎಂದು ಬರೆದವರು ಹದಿಮೂರನೇ ತಾರೀಕಿನ ಶುಕ್ರವಾರಕ್ಕಾಗಿ ಕಾಯುತ್ತಿದ್ದರೆ, ಕೆಲಸ ಎಲ್ಲ ಶುಕ್ರವಾರಗಳಲ್ಲೂ ಎಲ್ಲ ಹದಿಮೂರರಲ್ಲೂ ನಡೆದಿರುತ್ತದೆ.

ಬಳಕೆದಾರರು ಹೆಚ್ಚಿದಂತೆ ನಿಮಿಷಕ್ಕೊಮ್ಮೆ ಎಲ್ಲರ ಪಟ್ಟಿಯನ್ನೂ ಓದುವುದು ಭಾರವಾಯಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರೌನ್ ಅದಕ್ಕೊಂದು ದಾರಿ ಹುಡುಕಿದರು. ಮುಂದೆ ನಡೆಯಬೇಕಾದ ಕೆಲಸಗಳನ್ನು ಹೊತ್ತಿನ ಕ್ರಮದಲ್ಲಿ ಜೋಡಿಸಿಟ್ಟು, ತಲೆಯಲ್ಲಿರುವ ಕೆಲಸದ ಹೊತ್ತಿನವರೆಗೆ ನಿಶ್ಚಿಂತೆಯಾಗಿ ಮಲಗುವುದು. ಆ ಜೋಡಣೆಗೆ ಆಧಾರವಾದದ್ದು ಫ್ರಾಂಟಾ ಮತ್ತು ಮಾಲಿ 1977ರಲ್ಲಿ ಪ್ರಕಟಿಸಿದ್ದ ಸಂಶೋಧನ ಲೇಖನ. 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್ ಮುಂದೆ ಲಿನಕ್ಸ್ ಲೋಕದಲ್ಲೆಲ್ಲ ಹರಡಿತು. ಅದೇ 1987ರಲ್ಲಿ ಜಾರ್ಜ್ ವರ್ಗೀಸ್ ಮತ್ತು ಟೋನಿ ಲಾಕ್ ‘ಟೈಮಿಂಗ್ ವೀಲ್’ ಎಂಬ ರಚನೆ ಮುಂದಿಟ್ಟರು. ಗಡಿಯಾರದ ಮುಖದಂತೆ ಸುತ್ತುವ ಮನೆಗಳು, ಪ್ರತಿ ಮನೆಯಲ್ಲೂ ಆ ಹೊತ್ತಿನ ಕೆಲಸಗಳು, ಮುಳ್ಳು ಆ ಮನೆಗೆ ಬಂದಾಗ ಅಲ್ಲಿರುವುದನ್ನೆಲ್ಲ ಮಾಡಿ ಮುಗಿಸುವುದು. ಲಕ್ಷಾಂತರ ಟೈಮರುಗಳಿದ್ದರೂ ಹೊಸದನ್ನು ಸೇರಿಸುವ ಖರ್ಚು ಹೆಚ್ಚುವುದಿಲ್ಲ. ಲಿನಕ್ಸ್ ಕರ್ನೆಲ್, ಕಾಫ್ಕಾದಂಥ ವ್ಯವಸ್ಥೆಗಳ ಒಳಗೆ ಇಂದಿಗೂ ಇದರ ರೂಪಗಳಿವೆ.

ಅಲ್ಲಿಗೆ ಗಡಿಯಾರದ ಸಮಸ್ಯೆ ಬಹುಪಾಲು ಮುಗಿಯಿತು. ಉಳಿದದ್ದು ಕರೆಂಟು ಹೋದಾಗಿನ ಸಮಸ್ಯೆ. ಆಷಾಢದ ಗಾಳಿಮಳೆಗೆ ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಮರ ಬಿದ್ದು ತಂತಿ ಹರಿಯುತ್ತದೆ, ಎಲ್ಲಿ ಯುಪಿಎಸ್ ಬರಿದಾಗುತ್ತದೆ ಎಂದು ಹೇಳಲಾಗದು. ರಾತ್ರಿ ಎರಡಕ್ಕೆ ಬ್ಯಾಕಪ್ ತೆಗೆಯಬೇಕಿದ್ದ ಸೊಸೈಟಿಯ ಕಂಪ್ಯೂಟರ್ ಆಗ ಆರಿದ್ದರೆ, ಬೆಳಿಗ್ಗೆ ಎದ್ದ ಕ್ರಾನ್‌ಗೆ ಎರಡು ಗಂಟೆ ಬಂದುಹೋದದ್ದೇ ತಿಳಿಯದು. ಆ ಹೊತ್ತಿನಲ್ಲಿ ತಾನು ಇರಲಿಲ್ಲ ಎಂಬ ನೆನಪು ಅದಕ್ಕಿಲ್ಲ. ಈ ಕೊರತೆ ತುಂಬಲು ಅನಾಕ್ರಾನ್ ಬಂತು. ಪ್ರತಿ ಕೆಲಸ ಕೊನೆಯದಾಗಿ ನಡೆದ ದಿನವನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಯಂತ್ರ ಶುರುವಾದ ಕೂಡಲೇ ಬಾಕಿ ಇರುವುದನ್ನು ಮಾಡಿಸುವುದು. ಇಂದಿನ ಲಿನಕ್ಸ್‌ನ ಸಿಸ್ಟಮ್‌ಡಿ ಟೈಮರುಗಳಲ್ಲೂ ಈ ಸೌಲಭ್ಯವಿದೆ, ಆದರೆ ಅದನ್ನು ಬೇಕೆಂದು ಬರೆಯಬೇಕು.

ಒಂದು ಯಂತ್ರದಿಂದ ಸಾವಿರಾರು ಯಂತ್ರಗಳಿಗೆ ಈ ಕೆಲಸ ಹಬ್ಬಿದರೆ ಏನಾಗುತ್ತದೆ ಎನ್ನುವುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. 1988ರಲ್ಲಿ ಬರ ಉಸ್ತುವಾರಿಯ ಸಣ್ಣ ಘಟಕವಾಗಿ ಹುಟ್ಟಿದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದರ ಟೆಲಿಮೆಟ್ರಿಕ್ ಮಳೆಮಾಪಕಗಳ ಜಾಲ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇಳಿದಿದೆ. ಮಾಪಕಗಳ ಸಂಖ್ಯೆ ಆರು ಸಾವಿರ ದಾಟಿದೆ, ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಬೆಂಗಳೂರು ತಲುಪುತ್ತದೆ. ಭಟ್ಕಳ ತಾಲ್ಲೂಕಿನ ಬೆಳಕೆಯಂಥ ಒಂದು ಪಂಚಾಯಿತಿಗೆ ದಿನಕ್ಕೆ 96 ಮನೆಗಳ ಒಂದು ಸಾಲು ಎಂದಿಟ್ಟುಕೊಳ್ಳಿ. ಮೊಬೈಲ್ ಸಿಗ್ನಲ್ ಹೋಗಿ 10:15ರ ಮಾಹಿತಿ ಬರಲಿಲ್ಲ. ಆ ಮನೆಯಲ್ಲಿ ಏನು ಬರೆಯಬೇಕು? ಸೊನ್ನೆ ಬರೆದರೆ ಮಳೆ ಬಂದಿಲ್ಲ ಎಂದಾಗುತ್ತದೆ. ಖಾಲಿ ಬಿಟ್ಟರೆ ಅಳತೆ ಬಂದಿಲ್ಲ ಎಂದಾಗುತ್ತದೆ. ಇವೆರಡರ ನಡುವಿನ ಅಂತರ ದೊಡ್ಡದು. ಉತ್ತರ ಕನ್ನಡದಲ್ಲಿ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯಿದೆ. ಕೊಳೆರೋಗದಲ್ಲಿ ಬೆಳೆ ಕಳೆದುಕೊಂಡವರಿಗೆ ಪರಿಹಾರ ನಿರ್ಧಾರವಾಗುವುದು ಮಾಪಕದ ಅಂಕಿಗಳಿಂದಲೇ. ಬಾರದ ಅಳತೆಯನ್ನು ಸೊನ್ನೆ ಎಂದು ಬರೆಯುವ ತಂತ್ರಾಂಶ ಎಲ್ಲೇ ಇರಲಿ, ಅದು ರೈತನ ಹಣಕ್ಕೆ ಕೈಹಾಕಿದಂತೆ ಎಂದೇ ನನ್ನ ಅಭಿಪ್ರಾಯ.

ಈಗ ಎರಡನೇ ಪ್ರಶ್ನೆ. ಸಿಗ್ನಲ್ ಮರಳಿದ ಮೇಲೆ ಯಾವುದೇ ಇಂಥ ಯಂತ್ರ ಹಳೆಯ ಮಾಹಿತಿಯನ್ನು ಮತ್ತೆ ಕಳಿಸಬಹುದು, ಉತ್ತರ ಬಾರದಿದ್ದರೆ ಇನ್ನೊಮ್ಮೆಯೂ ಕಳಿಸಬಹುದು. ‘ಇಂದಿನ ಮೊತ್ತಕ್ಕೆ 12 ಮಿ.ಮೀ. ಕೂಡಿಸು’ ಎಂದು ಬರೆದ ಪ್ರೋಗ್ರಾಮಿನಲ್ಲಿ ಆಗ ಮಳೆ ಇಮ್ಮಡಿಯಾಗುತ್ತದೆ. ‘ಈ ಮಾಪಕದ 10:15ರ ಮನೆಯಲ್ಲಿ 12 ಎಂದು ಬರೆ’ ಎಂದಿದ್ದರೆ ಹತ್ತು ಸಲ ಬಂದರೂ 12 ಅಷ್ಟೇ. ಪ್ರೋಗ್ರಾಮರುಗಳು ಇದನ್ನು ಐಡೆಂಪೊಟೆನ್ಸಿ ಎನ್ನುತ್ತಾರೆ. ಇಡೀ ಕ್ಷೇತ್ರದಲ್ಲಿ ಒಂದೇ ಪಾಠ ಕಲಿಯಲು ಸಮಯವಿದೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಏರ್‌ಬಿಎನ್‌ಬಿಯಲ್ಲಿ ಮ್ಯಾಕ್ಸಿಮ್ ಬೋಷಮಾ 2014ರಲ್ಲಿ ಆರಂಭಿಸಿದ ಏರ್‌ಫ್ಲೋ ಎಂಬ ತಂತ್ರಾಂಶ ಈ ಖಾಲಿ ಮನೆಗಳ ವಿಚಾರವನ್ನೇ ಕೇಂದ್ರಕ್ಕೆ ತಂದಿತು. ಅದರಲ್ಲಿ ಕೆಲಸಕ್ಕೆ ಒಂದು ಹೊತ್ತು ಮಾತ್ರವಲ್ಲ, ಒಂದು ಅವಧಿಯೂ ಇರುತ್ತದೆ. ಅವಧಿ ಮುಗಿದ ಮೇಲೆ ಕೆಲಸ ನಡೆಯುತ್ತದೆ. ಹೋದ ತಿಂಗಳ ಯಾವುದೋ ಅವಧಿಯ ಕೆಲಸವನ್ನು ಇಂದು ಮತ್ತೆ ಮಾಡಿಸಬಹುದು. ಒಂದು ತೊಡಕು ಮಾತ್ರ ವರ್ಷಗಟ್ಟಲೆ ಎಲ್ಲರನ್ನೂ ಕಾಡಿತು: ಏರ್‌ಫ್ಲೋ ಅವಧಿಗೆ ಇಡುವ ಹೆಸರು ಅದು ಶುರುವಾದ ದಿನದ್ದು. ನಮ್ಮ ಹವಾಮಾನ ಇಲಾಖೆಯ ರೂಢಿ ಇದಕ್ಕೆ ಉಲ್ಟಾ, ಆಗಸ್ಟ್ 2ರ ಬೆಳಗಿನ ಎಂಟೂವರೆಗೆ ಮುಗಿದ ಇಪ್ಪತ್ನಾಲ್ಕು ಗಂಟೆಯ ಮಳೆ ಆಗಸ್ಟ್ 2ರದ್ದು. ಎರಡನ್ನೂ ಜೋಡಿಸುವಾಗ ಎಚ್ಚರ ತಪ್ಪಿದರೆ ಮಳೆ ಒಂದು ದಿನ ಹಿಂದಕ್ಕೆ ಜಾರುತ್ತದೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು. ಅಂಥ ರಾತ್ರಿಯ ಮಳೆಯನ್ನು ಮುಂದೆ ಅಭ್ಯಾಸ ಮಾಡುವವರಿಗೆ ಒಂದು ದಿನದ ಜಾರಾಟವೆಂದರೆ ಸಣ್ಣ ಮಾತಲ್ಲ.

ಇಷ್ಟು ಮರುಕಳಿಸುವ ಕೆಲಸದ ಮಾತು. ಮುಂದಕ್ಕೆ ಹಾಕಿದ ಕೆಲಸದ ಬೆಳವಣಿಗೆ ಬೇರೆ ದಾರಿಯಲ್ಲಿ ಸಾಗಿತು. ಜಾಲತಾಣಗಳು ದೊಡ್ಡದಾದಾಗ ಇಮೇಲ್ ಕಳಿಸುವ, ಚಿತ್ರ ಕಿರಿದಾಗಿಸುವ ಕೆಲಸಕ್ಕೆ ಬಳಕೆದಾರರನ್ನು ಕಾಯಿಸುವಂತಿರಲಿಲ್ಲ. ಅದನ್ನು ಕ್ಯೂಗೆ ಹಾಕಿ, ಹಿಂದೆ ಕೂತ ವರ್ಕರುಗಳಿಂದ ಮಾಡಿಸುವ ಪದ್ಧತಿ ಬಂತು. 2008ರಲ್ಲಿ ಶಾಪಿಫೈ ಹೊರತಂದ ಡಿಲೇಡ್ ಜಾಬ್ ಡೇಟಾಬೇಸಿನ ಒಂದು ಕೋಷ್ಟಕವನ್ನೇ ಕ್ಯೂ ಮಾಡಿಕೊಂಡಿತ್ತು. 2009ರಲ್ಲಿ ಗಿಟ್‌ಹಬ್‌ನ ರೆಸ್ಕ್ ಮತ್ತು ಪೈಥಾನ್‌ನವರ ಸೆಲೆರಿ, 2012ರಲ್ಲಿ ಮೈಕ್ ಪರ್ಹಾಂ ಅವರ ಸೈಡ್‌ಕಿಕ್ ಬಂದವು. ಸೈಡ್‌ಕಿಕ್ ಸೋತ ಕೆಲಸವನ್ನು ಕೈಬಿಡದೆ, ನಡುವಿನ ಬಿಡುವು ಹೆಚ್ಚಿಸುತ್ತ ಸುಮಾರು ಮೂರು ವಾರಗಳಲ್ಲಿ 25 ಸಲ ಮತ್ತೆ ಪ್ರಯತ್ನಿಸುತ್ತದೆ.

ಎರಡು ಸಲ ನಡೆಯುವ ಅಪಾಯ ಇಲ್ಲೂ ಇದೆ. ಕ್ಯೂಗೆ ರೆಡಿಸ್ ಎಂಬ ಡೇಟಾಬೇಸನ್ನು ಇಟ್ಟುಕೊಂಡು ಸೆಲೆರಿ ಬಳಸುವವರಲ್ಲಿ ಬಹಳ ಮಂದಿ ಇದನ್ನು ನೋಡಿರುತ್ತಾರೆ. ಮೂರು ಗಂಟೆ ಬಿಟ್ಟು ಎಸ್ಸೆಮ್ಮೆಸ್ ಕಳಿಸು ಎಂದು ಒಂದು ಕೆಲಸ ಇಟ್ಟಿರುತ್ತಾರೆ. ವರ್ಕರ್ ಅದನ್ನು ಈಗಲೇ ಎತ್ತಿಕೊಂಡು ಕೈಯಲ್ಲಿಟ್ಟುಕೊಂಡು ಕಾಯುತ್ತದೆ. ಆದರೆ ಒಂದು ಗಂಟೆಯೊಳಗೆ ‘ಮುಗಿಯಿತು’ ಎಂಬ ಉತ್ತರ ಬಾರದಿದ್ದರೆ ವರ್ಕರ್ ಸತ್ತಿದೆ ಎಂದುಕೊಂಡು, ಕ್ಯೂ ಅದೇ ಕೆಲಸವನ್ನು ಇನ್ನೊಂದು ವರ್ಕರಿಗೆ ಕೊಡುತ್ತದೆ. ಕೊನೆಗೆ ಒಬ್ಬನೇ ಗ್ರಾಹಕನಿಗೆ ಮೂರೋ ನಾಲ್ಕೋ ಎಸ್ಸೆಮ್ಮೆಸ್. ಇಲ್ಲಿ ಯಾವ ಭಾಗವೂ ಕೆಟ್ಟಿಲ್ಲ. ಸತ್ತ ವರ್ಕರನ್ನೂ ಕಾಯುತ್ತಿರುವ ವರ್ಕರನ್ನೂ ದೂರದಿಂದ ನೋಡಿ ಬೇರ್ಪಡಿಸಲಾಗದು, ಅಷ್ಟೇ. ಹಾಗಾಗಿ ದೂರದ ಹೊತ್ತಿನ ಕೆಲಸವನ್ನು ಡೇಟಾಬೇಸಿನಲ್ಲಿ ಬರೆದಿಟ್ಟು, ಹೊತ್ತು ಬಂದ ಮೇಲೆ ಮಾತ್ರ ಕ್ಯೂಗೆ ತಳ್ಳುವುದು ಈಗಿನ ವಾಡಿಕೆ. 2016ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ 9.5ನೇ ಆವೃತ್ತಿಯಲ್ಲಿ, ಬೇರೊಬ್ಬರು ಹಿಡಿದಿರುವ ಸಾಲನ್ನು ದಾಟಿ ಮುಂದಿನದನ್ನು ಎತ್ತಿಕೊಳ್ಳುವ ಸೌಲಭ್ಯ ಬಂದ ಮೇಲಂತೂ ಸಣ್ಣ ಸಂಸ್ಥೆಗಳು ಬೇರೆ ಕ್ಯೂ ತಂತ್ರಾಂಶವನ್ನೇ ಇಟ್ಟುಕೊಳ್ಳದೆ ನಡೆಸಿಕೊಂಡು ಹೋಗುತ್ತಿವೆ.

ಇಷ್ಟಾದರೂ ಖಚಿತವಾಗಿ ಒಂದೇ ಸಲ ಎಂಬ ಭರವಸೆ ಸಿಕ್ಕಿಲ್ಲ. ಹಲವು ಸರ್ವರುಗಳ ಮೇಲೆ ಕೆಲಸ ಹಂಚಿ ನಡೆಸುವ ಕುಬರ್ನೆಟಿಸ್‌ನ ಕ್ರಾನ್‌ಜಾಬ್ 2021ರಲ್ಲಿ ಸ್ಥಿರ ರೂಪಕ್ಕೆ ಬಂತು. ಕೆಲವೊಮ್ಮೆ ಎರಡು ಸಲ ನಡೆಯಬಹುದು, ಕೆಲವೊಮ್ಮೆ ನಡೆಯದೆಯೂ ಇರಬಹುದು ಎಂದು ಅದರ ಕೈಪಿಡಿಯೇ ಹೇಳುತ್ತದೆ. ಗೂಗಲ್ ತನ್ನ ಕ್ರಾನ್ ವ್ಯವಸ್ಥೆಯ ಬಗ್ಗೆ 2015ರಲ್ಲಿ ಬರೆದ ಲೇಖನದಲ್ಲಿ ಅನುಮಾನವಿದ್ದಾಗ ಎರಡು ಸಲ ಮಾಡುವುದಕ್ಕಿಂತ ಬಿಡುವುದೇ ಮೇಲು ಎಂಬ ನಿಲುವಿದೆ. ಬಿಟ್ಟುಹೋದದ್ದನ್ನು ಆಮೇಲೆ ಸರಿಪಡಿಸಬಹುದು, ಎರಡು ಸಲ ಹೋದ ಸಂಬಳವನ್ನು ಮರಳಿ ತರುವುದು ಕಷ್ಟ. ಅದೇ ಲೇಖನದಲ್ಲಿ ನನಗೆ ತುಂಬ ಹಿಡಿಸಿದ್ದು ಪ್ರಶ್ನಾರ್ಥಕ ಚಿಹ್ನೆಯ ಬಳಕೆ. ಎಲ್ಲರೂ ದಿನದ ಕೆಲಸವನ್ನು ನಡುರಾತ್ರಿ ಹನ್ನೆರಡಕ್ಕೇ ಬರೆಯುವುದರಿಂದ ಆ ಗಳಿಗೆಯಲ್ಲಿ ನೂಕುನುಗ್ಗಲು. ನಿಮಿಷ, ಗಂಟೆಯ ಅಂಕಣದಲ್ಲಿ ಪ್ರಶ್ನೆಯ ಗುರುತಿಟ್ಟರೆ ‘ಯಾವಾಗಲಾದರೂ ಸರಿ’ ಎಂದಾಗಿ, ವ್ಯವಸ್ಥೆಯೇ ಕೆಲಸಗಳನ್ನು ದಿನವಿಡೀ ಹರಡುತ್ತದೆ. ನಮ್ಮಲ್ಲೂ ಇಂಥದೇ ನೂಕುನುಗ್ಗಲು ಯುಪಿಐ ಆಟೋಪೇಗೆ ಬಂತು. 2020ರ ಜುಲೈನಲ್ಲಿ ಶುರುವಾದ ಈ ಸೌಲಭ್ಯದಲ್ಲಿ ಹಣ ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಹೋಗಬೇಕು, ಅಂದರೆ ಒಂದು ಮುಂದಿನ ಕೆಲಸಕ್ಕೆ ಇನ್ನೊಂದು ಕೆಲಸ ಗಂಟುಬಿದ್ದಿದೆ. ದಟ್ಟಣೆ ಏರಿದ ಮೇಲೆ 2025ರ ಆಗಸ್ಟ್ 1ರಿಂದ ಬೆಳಿಗ್ಗೆ ಹತ್ತರಿಂದ ಒಂದು, ಸಂಜೆ ಐದರಿಂದ ಒಂಬತ್ತೂವರೆಯ ನಡುವೆ ಆಟೋಪೇ ಕಡಿತ ನಡೆಸುವಂತಿಲ್ಲ ಎಂದಾಯಿತು.

ಸರ್ಕಾರಿ ಕೆಲಸದಲ್ಲಿ ಡಿಲೇಡ್ ಜಾಬ್ ಎಂದರೆ ಕಾನೂನಿನ ಗಡುವು. 2012ರ ಏಪ್ರಿಲ್ 2ರಂದು ರಾಜ್ಯವ್ಯಾಪಿ ಜಾರಿಗೆ ಬಂದ ‘ಸಕಾಲ’ ಸೇವಾ ಖಾತರಿ ಯೋಜನೆಯಲ್ಲಿ ಪ್ರತಿ ಅರ್ಜಿಗೆ ಹದಿನೈದು ಅಂಕಿಗಳ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಸಂಖ್ಯೆ ಸಿಕ್ಕ ಕ್ಷಣದಿಂದ ಗಡುವಿನ ಲೆಕ್ಕ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಟೈಮರ್ ಎಂಬುದು ಇಲ್ಲಿ ನಾಗರಿಕನ ಪರವಾಗಿ ಓಡಿತು. ನಮ್ಮ ಆಡಳಿತದ ಕಂಪ್ಯೂಟರೀಕರಣದಲ್ಲಿ ಇದು ದೊಡ್ಡ ಹೆಜ್ಜೆ ಎಂದು ನಾನು ನಂಬುತ್ತೇನೆ. ಅದಕ್ಕೂ ಮೊದಲೇ, 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಮ್ಯುಟೇಶನ್ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಕಟ್ಟುನಿಟ್ಟಿನ ಸರದಿಗೆ ಒಳಪಡಿಸಿತ್ತು. ನಡುವಿನ ಅರ್ಜಿಯನ್ನು ಎತ್ತಿ ಮುಂದೆ ಹಾಕಲು ತಂತ್ರಾಂಶ ಬಿಡುತ್ತಿರಲಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ಆಗ ಆಕ್ಷೇಪಣೆಗೆ 30 ದಿನ ಕಾದು, ಆಮೇಲೆ ಮುಂದಿನ ಹಂತಕ್ಕೆ ಹೋಗಬೇಕಿತ್ತು. ಆ ಕಾಯುವಿಕೆಯೇ ಒಂದು ದೀರ್ಘ ಡಿಲೇಡ್ ಜಾಬ್.

ಇಂಥ ದೀರ್ಘ ಕಾಯುವಿಕೆಗೆಂದೇ ಈಗ ಹೊಸ ಬಗೆಯ ತಂತ್ರಾಂಶಗಳಿವೆ. ಊಬರ್‌ನಲ್ಲಿ ಹುಟ್ಟಿದ ಕೇಡೆನ್ಸ್, ಅದರಿಂದ ಕವಲೊಡೆದ ಟೆಂಪೊರಲ್ ಈ ವರ್ಗದವು. ಪ್ರೋಗ್ರಾಮಿನಲ್ಲಿ ‘30 ದಿನ ಮಲಗು’ ಎಂದು ನೇರವಾಗಿ ಬರೆಯಬಹುದು. ನಡುವೆ ಸರ್ವರ್ ಆರಿದರೂ, ಬದಲಾದರೂ, ನಡೆದುದರ ದಾಖಲೆಯನ್ನು ಮತ್ತೆ ಓದಿಕೊಂಡು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಕರೆಂಟಿನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಈವರೆಗೆ ಬಂದಿಲ್ಲ.

ಬಗೆಹರಿಯದೆ ಉಳಿದಿರುವುದು ನಿಯಮವೇ ಬದಲಾಗುವ ಸಮಸ್ಯೆ. ಕೊಂಕಣ ರೈಲಿಗೆ ಪ್ರತಿ ವರ್ಷ ಮಳೆಗಾಲದ ವೇಳಾಪಟ್ಟಿ ಬೇರೆ. ಕುಮಟಾ, ಹೊನ್ನಾವರ, ಭಟ್ಕಳಕ್ಕೆ ಗಾಡಿ ಬರುವ ಹೊತ್ತು ಜೂನ್‌ನಲ್ಲಿ ಬದಲಾಗುತ್ತದೆ, ಟಿಕೆಟ್ ಮಾತ್ರ ಅದಕ್ಕೂ ಮೊದಲೇ ಮಾರಾಟವಾಗಿರುತ್ತದೆ. ‘ಗಾಡಿ ಹೊರಡುವ ಎರಡು ಗಂಟೆ ಮೊದಲು ನೆನಪಿಸು’ ಎಂಬ ಕೆಲಸವನ್ನು ಟಿಕೆಟ್ ಕೊಂಡ ದಿನದ ಲೆಕ್ಕದಲ್ಲಿ ಗಟ್ಟಿಮಾಡಿಟ್ಟರೆ ಅದು ತಪ್ಪು ಹೊತ್ತಿಗೆ ಎಚ್ಚರಿಸುತ್ತದೆ. ಭಾರೀ ಮಳೆಯ ರಾತ್ರಿ ಜಿಲ್ಲಾಧಿಕಾರಿ ಮರುದಿನ ಶಾಲೆಗೆ ರಜೆ ಘೋಷಿಸಿದರೆ, ಶಾಲಾ ವಾಹನದ ಬೆಳಗಿನ ಸೂಚನೆ ಹೋಗಬಾರದು. ಆಕ್ಷೇಪಣೆಯ ಅವಧಿಯನ್ನು ಸರ್ಕಾರ ಇಳಿಸಿದ ದಿನ ಈಗಾಗಲೇ ಕಾಯುತ್ತಿರುವ ಅರ್ಜಿಗಳಿಗೆ ಹಳೆಯ ಎಣಿಕೆಯೋ ಹೊಸತೋ ಎಂದು ಆದೇಶ ಹೇಳಬೇಕು, ತಂತ್ರಾಂಶಕ್ಕೆ ಅದು ತಿಳಿಯಬೇಕು. ಅನುಭವಿಗಳು ಹಿಡಿದಿರುವ ದಾರಿ ಎಂದರೆ ಕೆಲಸದ ಜೊತೆ ಹೊತ್ತನ್ನಷ್ಟೇ ಬರೆಯದೆ, ಆ ಹೊತ್ತು ಯಾವ ನಿಯಮದ ಯಾವ ಆವೃತ್ತಿಯಿಂದ ಬಂತು ಎಂಬುದನ್ನೂ ಬರೆಯುವುದು, ಮತ್ತು ಕೆಲಸ ಮಾಡುವ ಕ್ಷಣದಲ್ಲಿ ಇದು ಈಗಲೂ ಬೇಕೇ ಎಂದು ಇನ್ನೊಮ್ಮೆ ನೋಡುವುದು. ಪ್ರತಿ ತಂಡ ಇದನ್ನು ತನ್ನ ಕೈಯಾರೆ ಕಟ್ಟಿಕೊಳ್ಳುತ್ತಿದೆ. ಐದು ಅಂಕಣಗಳ ಆ ಹಳೆಯ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ, ಅದರ ಬದಲಿಗೆ ಎಲ್ಲರೂ ಒಪ್ಪುವ ಇನ್ನೊಂದು ಬರವಣಿಗೆ ಇನ್ನೂ ಬಂದಿಲ್ಲ.