ಅಮೆರಿಕನ್ ಫುಟ್‌ಬಾಲ್: ಕಾಲೇಜು ಕ್ಲಬ್ ತಂಡ ಅಂದ್ರೇನು, ಲೀಗ್ ಸೀಸನ್ ಹೆಂಗ ನಡೀತದ? ಪಟ್ಟಿ ಕೊಡುವ ಮುಂಚೆ ಓದಿ

ಔರಾದ್: 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ವಾಪಸ್ ಬರುತ್ತಿರುವ ಸುದ್ದಿ ಎಲ್ಲರಿಗೂ ಗೊತ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ಸಭೆ ಸೇರಿ ಈ ತೀರ್ಮಾನ ಮಾಡಿತು. ಅದೇ ಸಭೆಯಲ್ಲಿ ಫ್ಲ್ಯಾಗ್ ಫುಟ್‌ಬಾಲ್‌ಗೂ ಒಪ್ಪಿಗೆ ಸಿಕ್ಕಿದ್ದು ನಮ್ಮ ಕಡೆ ಹೆಚ್ಚು ಸುದ್ದಿ ಆಗಲಿಲ್ಲ. ಇದು ಅಮೆರಿಕನ್ ಫುಟ್‌ಬಾಲ್‌ನ ತಮ್ಮ ಇದ್ದಂಗ. ಹೆಲ್ಮೆಟ್ ಬೇಡ, ಡಿಕ್ಕಿ ಇಲ್ಲ, ಒಂದು ತಂಡಕ್ಕೆ ಐದೇ ಮಂದಿ.

ಒಲಿಂಪಿಕ್ಸ್ ಹೆಸರು ಬಂದ ಮೇಲೆ ಹೊಸ ಆಟದ ಹೆಸರಲ್ಲಿ ಕ್ಲಬ್, ಶಿಬಿರ, ಟೂರ್ನಿ ಶುರು ಆಗುವುದು ಎಲ್ಲ ಕಡೆ ಇದ್ದದ್ದೇ. ಮನೆಯಲ್ಲಿ ಮಕ್ಕಳು ಫೀಸು ಕೇಳ್ತಾರೆ, ಅಂಗಡಿಗೆ ಪಟ್ಟಿ ಬರ್ತದ. ಹಣ ಕೊಡುವ ಮುಂಚೆ ಇದೇನು ಆಟ, ಕ್ಲಬ್ ತಂಡ ಅಂದ್ರೇನು, ಸರ್ಟಿಫಿಕೇಟ್‌ಗೆ ಬೆಲೆ ಎಷ್ಟು ಅನ್ನುವುದು ಗೊತ್ತಿರಬೇಕು.

ಆಟ ಹೆಂಗ?

ಹೆಸರು ಫುಟ್‌ಬಾಲ್ ಇದ್ದರೂ ಹೆಚ್ಚಿನ ಆಟ ಕೈಯಲ್ಲೇ. ಚೆಂಡು ಎರಡೂ ತುದಿ ಚೂಪು. ಪ್ರತಿ ತಂಡದಿಂದ 11 ಮಂದಿ ಮೈದಾನದಲ್ಲಿ. ಚೆಂಡು ಇದ್ದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಯಾರ್ಡ್, ಅಂದ್ರೆ 30 ಅಡಿ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಕಬಡ್ಡಿಯಂತೆ ಇದೂ ನೆಲ ಗೆಲ್ಲುವ ಆಟ.

ಚೆಂಡು ಎದುರಾಳಿಯ ಕೊನೆಯ ಪಟ್ಟೆಗೆ ಮುಟ್ಟಿದರೆ ಟಚ್‌ಡೌನ್, 6 ಅಂಕ. ಒದ್ದು ಕಂಬಗಳ ನಡುವೆ ಹಾಯಿಸಿದರೆ ಫೀಲ್ಡ್ ಗೋಲ್, 3 ಅಂಕ. 15 ನಿಮಿಷದ ನಾಲ್ಕು ಭಾಗ. ಮೈದಾನ 360 ಅಡಿ ಉದ್ದ, 160 ಅಡಿ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 1 ಎಕರೆ 13 ಗುಂಟೆ.

ಫ್ಲ್ಯಾಗ್ ಆಟದಲ್ಲಿ ಆಟಗಾರರ ಸೊಂಟದ ಬೆಲ್ಟ್‌ಗೆ ಎರಡು ಪಟ್ಟಿ ತೂಗು ಬಿಟ್ಟಿರ್ತಾರೆ. ಅದರಲ್ಲಿ ಒಂದನ್ನು ಕಿತ್ತರೆ ಓಟ ಅಲ್ಲಿಗೇ ಬಂದ್. ಕೆಡವುವಂತಿಲ್ಲ, ತಳ್ಳುವಂತಿಲ್ಲ. 20 ನಿಮಿಷದ ಎರಡು ಭಾಗ. ಮೈದಾನ 210 ಅಡಿಗೆ 75 ಅಡಿ, ಹದಿನಾಲ್ಕೂವರೆ ಗುಂಟೆ ಇದ್ದರೆ ಆಯ್ತು. ಒಲಿಂಪಿಕ್ಸ್‌ನಲ್ಲಿ ಪುರುಷರ 6, ಮಹಿಳೆಯರ 6 ತಂಡ ಆಡಲಿವೆ.

ಕಾಲೇಜು ತಂಡ ಬೇರೆ, ಕ್ಲಬ್ ತಂಡ ಬೇರೆ

ಈ ಆಟ ಹುಟ್ಟಿದ್ದೇ ಕಾಲೇಜು ಹುಡುಗರ ಕೈಯಲ್ಲಿ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಆಡಿದ ಪಂದ್ಯವನ್ನೇ ಮೊದಲ ಅಂತರ ಕಾಲೇಜು ಪಂದ್ಯ ಅಂತಾರೆ. ರಟ್ಗರ್ಸ್ 6–4ರಿಂದ ಗೆದ್ದಿತು. ಆಗ ಸಂಬಳದ ಕೋಚ್ ಇರಲಿಲ್ಲ, ಟಿಕೆಟ್ ಇರಲಿಲ್ಲ. ನಂತರ ಆಟ ಬೆಳೆಯಿತು, ಹೊಡೆತವೂ ಬೆಳೆಯಿತು. 1905ರಲ್ಲಿ ಆಟಗಾರರ ಸಾವುಗಳಿಂದ ದೊಡ್ಡ ಗದ್ದಲ ಎದ್ದು, ಮರುವರ್ಷ ನಿಯಮ ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು ಆಗಲೇ. ಈಗ ಎನ್‌ಸಿಎಎ ಅಂತ ಕರೆಯುವ ಕಾಲೇಜು ಕ್ರೀಡಾ ಸಂಸ್ಥೆಯ ಬೇರೂ ಅಲ್ಲೇ ಇದೆ.

ಇವತ್ತು ಅಮೆರಿಕದ ಒಂದೇ ವಿಶ್ವವಿದ್ಯಾಲಯದಲ್ಲಿ ಎರಡು ತಂಡ ಇರಬಹುದು. ಓಹಿಯೊ ಸ್ಟೇಟ್‌ನ ಅಧಿಕೃತ ತಂಡ ಆಡುವುದು ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೂರುವ ಕ್ರೀಡಾಂಗಣದಲ್ಲಿ. ಆಟಗಾರರಿಗೆ ವಿದ್ಯಾರ್ಥಿವೇತನ, ಟಿವಿ, ಕೋಚ್‌ಗೆ ಕೋಟಿಗಟ್ಟಲೆ ಸಂಬಳ. ಅದೇ ವಿಶ್ವವಿದ್ಯಾಲಯದ ಹೆಸರಲ್ಲಿ ಒಂದು ಕ್ಲಬ್ ತಂಡವೂ ಇದೆ. ಅಧಿಕೃತ ತಂಡದಲ್ಲಿ ಜಾಗ ಸಿಗದ, ಆದರೆ ಆಟ ಬಿಡಲು ಮನಸ್ಸಿಲ್ಲದ ಹುಡುಗರ ತಂಡ ಅದು.

ಕ್ಲಬ್ ತಂಡದಲ್ಲಿ ಆಟಗಾರರೇ ವಂತಿಗೆ ಹಾಕುತ್ತಾರೆ. ಅಧ್ಯಕ್ಷ, ಖಜಾಂಚಿ ಎಲ್ಲ ವಿದ್ಯಾರ್ಥಿಗಳೇ. ಬಸ್ ಬಾಡಿಗೆ, ಅಂಪೈರ್ ಖರ್ಚು, ಹೆಲ್ಮೆಟ್ಟಿನ ಲೆಕ್ಕ ಅವರೇ ಬರೆಯುತ್ತಾರೆ. ಊರಿನ ಅಂಗಡಿ, ಹೋಟೆಲ್‌ಗಳಿಂದ ನೆರವು ಕೇಳುವುದೂ ಉಂಟು. ನಮ್ಮ ಗಣೇಶ ಮಂಡಳಿಗೂ ಇದಕ್ಕೂ ದೊಡ್ಡ ಫರಕ್ ಇಲ್ಲ.

ಸೀಸನ್ ಅಂದ್ರೆ?

ಅಮೆರಿಕದ ಕ್ಲಬ್ ತಂಡಗಳಿಗೆ ನ್ಯಾಷನಲ್ ಕ್ಲಬ್ ಫುಟ್‌ಬಾಲ್ ಅಸೋಸಿಯೇಷನ್ ಇದೆ. ಹತ್ತಿರದ ತಂಡಗಳನ್ನು ಒಂದು ಗುಂಪು ಮಾಡ್ತಾರೆ. ಮಳೆ ಚಳಿ ಜೋರಾಗುವ ಮುಂಚೆ ವಾರಕ್ಕೊಂದರಂತೆ ಪಂದ್ಯ, ಕೊನೆಗೆ ಮುಂದಿದ್ದವರ ನಡುವೆ ಪ್ಲೇಆಫ್, ಫೈನಲ್. ಬ್ರಿಟನ್‌ನಲ್ಲಿ ವಿಶ್ವವಿದ್ಯಾಲಯಗಳ ಕ್ರೀಡಾ ಸಂಸ್ಥೆ ಬಿಯುಸಿಎಸ್ 2012ರಿಂದ ಈ ಲೀಗ್ ನಡೆಸುತ್ತಿದೆ. ಅಲ್ಲಿ ಪಂದ್ಯಗಳು ಹೆಚ್ಚಾಗಿ ಭಾನುವಾರ.

ನಮ್ಮ ಕಡೆ ಟೂರ್ನಿ ಅಂದ್ರೆ ಹೆಚ್ಚಾಗಿ ನಾಕೌಟ್. ಬೆಳಿಗ್ಗೆ ಸೋತ ತಂಡ ಮಧ್ಯಾಹ್ನದ ಬಸ್ ಹಿಡಿದು ಊರಿಗೆ. ವರ್ಷವಿಡೀ ಅಭ್ಯಾಸ ಮಾಡಿದವನು ಆಡಿದ್ದು ಒಂದೇ ಪಂದ್ಯ. ಲೀಗ್‌ನಲ್ಲಿ ಹಂಗಲ್ಲ. ಸೋತ ತಂಡಕ್ಕೂ ಮುಂದಿನ ಭಾನುವಾರ ಇರ್ತದ. ತಪ್ಪು ತಿದ್ದಿಕೊಳ್ಳಲು ಟೈಮ್ ಸಿಗ್ತದ. ಆಟಗಾರ ತಯಾರಾಗುವುದು ಇಲ್ಲೇ.

ಎಂಟು ನಗರ ಮತ್ತು ಮೂರು ಕಾಲೇಜು

ಭಾರತದಲ್ಲಿ ಈ ಆಟ ದೊಡ್ಡದಾಗಿ ತರುವ ಪ್ರಯತ್ನ ಆಗಿ ಹೋಗಿದೆ. 2011ರಲ್ಲಿ ಎಲೈಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಘೋಷಣೆ ಆಯಿತು. ಅಮೆರಿಕದ ಹೆಸರಾಂತ ಆಟಗಾರ ಕರ್ಟ್ ವಾರ್ನರ್, ಕೋಚ್ ಮೈಕ್ ಡಿಟ್ಕಾ ಬೆಂಬಲಕ್ಕೆ ಇದ್ದರು. 2012ರ ಮೊದಲ ಸೀಸನ್‌ಗೆ ಎಂಟು ತಂಡ. ಬೆಂಗಳೂರು ವಾರ್‌ಹಾಕ್ಸ್, ನಮಗೆ ಹತ್ತಿರದ ಹೈದರಾಬಾದ್ ಸ್ಕೈಕಿಂಗ್ಸ್, ಪುಣೆ, ಮುಂಬೈ, ದೆಹಲಿ, ಕೋಲ್ಕತ್ತ, ಜತೆಗೆ ಶ್ರೀಲಂಕಾ, ಪಾಕಿಸ್ತಾನದ ಒಂದೊಂದು ತಂಡ. ಫೈನಲ್‌ನಲ್ಲಿ ಪುಣೆ ಮರಾಠಾಸ್ ತಂಡ ಡೆಲ್ಲಿ ಡಿಫೆಂಡರ್ಸ್ ಮೇಲೆ 6–0ರಿಂದ ಗೆದ್ದಿತು.

ಪಂದ್ಯಗಳು ನಡೆದದ್ದು ಪುಣೆ ಮತ್ತು ಕೊಲಂಬೊದಲ್ಲಿ. ಹೈದರಾಬಾದ್ ತಂಡದ ಆಟ ನೋಡಲು ಹೈದರಾಬಾದಿನ ಮಂದಿಯೂ ಟಿವಿಯನ್ನೇ ಹಚ್ಚಬೇಕಿತ್ತು. ತಂಡಕ್ಕೆ ಊರಿನ ಹೆಸರಿತ್ತು, ಊರಿನ ಮೈದಾನ ಇರಲಿಲ್ಲ. ಲೀಗ್ ಮನೆಮಾತಾಗಲಿಲ್ಲ.

ಜಪಾನ್ ಕತೆ ಬೇರೆ. 1934ರಲ್ಲಿ ಟೋಕಿಯೊದ ರಿಕ್ಯೊ, ಮೆಯಿಜಿ, ವಾಸೆದಾ ಎಂಬ ಮೂರೇ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಲೀಗ್ ಕಟ್ಟಿದರು. ರಿಕ್ಯೊದಲ್ಲಿ ಪಾಠ ಮಾಡುತ್ತಿದ್ದ ಅಮೆರಿಕನ್ ಪಾಲ್ ರಶ್ ಅದಕ್ಕೆ ಮುಂದಾಳು. ನಡುವೆ ಯುದ್ಧ ಬಂತು. ಯುದ್ಧ ಮುಗಿದ ಎರಡೇ ವರ್ಷಕ್ಕೆ, 1947ರಲ್ಲಿ, ಕೊಶಿಯೆನ್ ಬೌಲ್ ಎಂಬ ಕಾಲೇಜು ಪಂದ್ಯ ಶುರುವಾಯಿತು. ಅದು ಇವತ್ತಿಗೂ ನಡೆಯುತ್ತಿದೆ. ಎಂಟು ನಗರದ ಟಿವಿ ಲೀಗ್ ಮನೆಮಾತಾಗದಿದ್ದರೂ, ಮೂರು ಕಾಲೇಜಿನ ಲೀಗ್ ಬೇರು ಬಿಟ್ಟಿತು.

ನಮ್ಮ ಜಿಲ್ಲೆಯಲ್ಲಿ ಸಾಧ್ಯವೇ?

ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗೆ ಇದ್ದವು. 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಬಂತು. ಬೀದರ್‌ನ ಗುರುನಾನಕ್ ದೇವ್, ಭಾಲ್ಕಿಯ ಭೀಮಣ್ಣ ಖಂಡ್ರೆ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯುಗೆ ಸೇರಿದವು. ಪಶು ವೈದ್ಯಕೀಯ ಕಾಲೇಜಿಗೆ ಅದರದ್ದೇ ವಿಶ್ವವಿದ್ಯಾಲಯ. ಹಿಂಗಾಗಿ ಒಂದೇ ಊರಿನ ಪದವಿ ಹುಡುಗರು ಮತ್ತು ಎಂಜಿನಿಯರಿಂಗ್ ಹುಡುಗರು ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟದಲ್ಲಿ ಎದುರಾಗುವುದೇ ಇಲ್ಲ. ಕ್ಲಬ್ ಲೀಗ್‌ಗೆ ಈ ಗಡಿ ಇಲ್ಲ. ಔರಾದ್, ಭಾಲ್ಕಿ, ಬೀದರ್‌ನಿಂದ ಒಂದೊಂದು ತಂಡ ಬಂದರೂ ಸಾಕು.

ಲೆಕ್ಕ ಸರಳ. ಮೂರು ತಂಡ, ಒಬ್ಬರ ಮೇಲೆ ಒಬ್ಬರು ಎರಡು ಸಲ ಆಡಿದರೆ 6 ಪಂದ್ಯ, ಫೈನಲ್ ಸೇರಿ 7. ವಾರಕ್ಕೊಂದು ಪಂದ್ಯ ಇಟ್ಟರೆ ಎರಡು ತಿಂಗಳೊಳಗೆ ಸೀಸನ್ ಮುಗೀತದ. ಮಳೆಗಾಲದಲ್ಲಿ ಔರಾದ್, ಭಾಲ್ಕಿ ಕಡೆಯ ಎರೆ ಮಣ್ಣಲ್ಲಿ ಓಡುವುದು ಕಷ್ಟ, ಏಪ್ರಿಲ್–ಮೇ ಬಿಸಿಲಲ್ಲಿ ಇನ್ನೂ ಕಷ್ಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಸೆಮಿಸ್ಟರ್ ಪರೀಕ್ಷೆ ನೋಡಿಕೊಂಡು ತಾರೀಕು ಹಾಕಬೇಕು.

ಪೂರ್ತಿ ಕಿಟ್‌ನ ಆಟಕ್ಕೆ ಹೆಲ್ಮೆಟ್, ಭುಜದ ಪ್ಯಾಡ್ ಅಂತ ಒಬ್ಬನಿಗೇ ಸಾವಿರಾರು ರೂಪಾಯಿ ಹೋಗ್ತದ. ತಲೆಗೆ ಪೆಟ್ಟಿನ ಅಪಾಯವೂ ಇದೆ. ಫ್ಲ್ಯಾಗ್ ಆಟಕ್ಕೆ ಚೆಂಡು, ಬೆಲ್ಟ್, ಸುಣ್ಣದ ಗೆರೆ ಸಾಕು. ಹೆಣ್ಣುಮಕ್ಕಳ ತಂಡಕ್ಕೂ ಇದೇ ನಿಯಮ.

ಸರ್ಟಿಫಿಕೇಟ್ ವಿಚಾರ

ಇಲ್ಲೇ ಮೋಸ ಹೋಗುವ ಸಂಭವ ಹೆಚ್ಚು. ಕೇಂದ್ರ ಸರ್ಕಾರದ ಗ್ರೂಪ್ 'ಸಿ' ಹುದ್ದೆಗಳ ಕ್ರೀಡಾ ಕೋಟಾಕ್ಕೆ ದೇಶ ಅಥವಾ ರಾಜ್ಯದ ಪರ ಆಡಿರಬೇಕು, ಇಲ್ಲವೇ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ವಿಶ್ವವಿದ್ಯಾಲಯದ ಪರ ಆಡಿರಬೇಕು. ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೂ ಅವಕಾಶ ಇದೆ. ಆದರೆ ಆ ಆಟ ಸರ್ಕಾರದ ಪಟ್ಟಿಯಲ್ಲಿ ಇರಲೇಬೇಕು. 2020ರಲ್ಲಿ 20 ಆಟ ಸೇರಿಸಿದಾಗ ಪಟ್ಟಿ 63ಕ್ಕೆ ಏರಿತು. ರಗ್ಬಿ, ಬೇಸ್‌ಬಾಲ್, ಹಗ್ಗಜಗ್ಗಾಟ, ಮಲ್ಲಕಂಬ ಆಗ ಸೇರಿದವು. ಅಮೆರಿಕನ್ ಫುಟ್‌ಬಾಲ್ ಆ ಪಟ್ಟಿಯಲ್ಲಿ ಇಲ್ಲ.

ಅಂದ್ರೆ ಕ್ಲಬ್ ಲೀಗ್‌ನ ಸರ್ಟಿಫಿಕೇಟ್ ಗೋಡೆಗೆ ಹಾಕಲು ಚೆಂದ, ಕೋಟಾ ಅರ್ಜಿಗೆ ಅಲ್ಲ. ನೌಕರಿ ಆಸೆ ತೋರಿಸಿ ಯಾರಾದರೂ ಫೀಸು ಕೇಳಿದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೇಳಿದ ನಂತರವೇ ಹಣ ಕೊಡಿ. ಕೋಟಾ ಪಟ್ಟಿ ಬದಲಾಗುತ್ತಾ ಇರ್ತದ, ಅರ್ಜಿ ಹಾಕುವ ವರ್ಷದ ಪಟ್ಟಿಯನ್ನೇ ನೋಡಬೇಕು.

ಪಟ್ಟಿ ಬಂದಾಗ ಅಂಗಡಿಯವರು ಕೇಳಬೇಕಾದ್ದು

* ಪಂದ್ಯಗಳ ತಾರೀಕು, ಮೈದಾನ ನಿಗದಿ ಆಗಿದೆಯೇ? ಕಾಲೇಜಿನ ಒಪ್ಪಿಗೆ ಪತ್ರ ಇದೆಯೇ?
* ಹಣಕ್ಕೆ ರಸೀದಿ ಕೊಡ್ತಾರೆಯೇ? ಸೀಸನ್ ಮುಗಿದ ಮೇಲೆ ಲೆಕ್ಕ ತೋರಿಸ್ತಾರೆಯೇ?
* ಪ್ರಥಮ ಚಿಕಿತ್ಸೆ, ಆಸ್ಪತ್ರೆಗೆ ಒಯ್ಯಲು ಗಾಡಿ ವ್ಯವಸ್ಥೆ ಏನು?
* ಹೆಣ್ಣುಮಕ್ಕಳಿಗೆ ತಂಡ ಇದೆಯೇ?

ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಜೆರ್ಸಿ ಮೇಲೆ ಅಂಗಡಿ ಹೆಸರು ಹಾಕಿಸಲು ಅಡ್ಡಿ ಇಲ್ಲ. ಒಂದು ದಿನದ ಟೂರ್ನಿಯಲ್ಲಿ ಆ ಹೆಸರು ಒಂದು ದಿನ ಕಾಣ್ತದ. ಲೀಗ್ ಆದರೆ ಎರಡು ತಿಂಗಳು, ಮೂರೂ ಊರಲ್ಲಿ ಕಾಣ್ತದ.