ಪುಂಡಿ: ನಾರು, ಹುಳಿ, ಮದ್ದು
ತೆಲುಗರು ಗೋಂಗೂರ ಎಂದೂ ಉತ್ತರ ಕರ್ನಾಟಕದವರು ಪುಂಡಿ ಎಂದೂ ಕರೆಯುವ ಹುಳಿಸೊಪ್ಪಿನ ಗಿಡವು ಆಫ್ರಿಕ ಮೂಲದ್ದಾದರೂ, ಆಂಧ್ರದ ಕರಾವಳಿಯಲ್ಲಿ ಹೊರಗಿನದೆಂದು ಯಾರಿಗೂ ಅನ್ನಿಸದಷ್ಟು ಬೇರೂರಿದೆ. 1947ರ ವಿಭಜನೆಯಲ್ಲಿ ಸೆಣಬಿನ ಭೂಮಿಯ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋದ ಮೇಲೆ, ಇದರದೇ ಕುಲದ ಮೆಸ್ತಾ, ಅಂದರೆ ಗೋಣಿ ನೇಯಲು ಒದಗುವ ನಾರಿನ ಬೆಳೆ, ವಿಶಾಖಪಟ್ಟಣದ ಸುತ್ತಣ ಸೀಮೆಯಲ್ಲಿ ಹಬ್ಬಿ ಚಿಟ್ಟಿವಲಸದಂಥ ಗಿರಣಿಗಳಿಗೆ ಕಚ್ಚಾಮಾಲಾಯಿತು. ವಿಜಯವಾಡದ ಅಡುಗೆಮನೆಗಾದರೋ ಬೇಕಾದದ್ದು ಎಲೆ: ಕೆಂಪು ದಂಟಿನದರಲ್ಲಿ ಹುಳಿ ಹೆಚ್ಚಾದ್ದರಿಂದ ಉಪ್ಪಿನಕಾಯಿಗೆ ಅದನ್ನೇ ಬಿಡಿಸಿ, ತೊಳೆದು, ನೀರಿನ ಪಸೆ ಆರಿದ ಮೇಲೆ ಎಣ್ಣೆಯಲ್ಲಿ ಬಾಡಿಸಿದರೆ ಬುಟ್ಟಿ ತುಂಬ ಸೊಪ್ಪು ಹಿಡಿಯಷ್ಟು ಕಪ್ಪುಹಸುರು ಮುದ್ದೆಯಾಗುತ್ತದೆ. ಅದೇ ಎಲೆಗೆ ಹರಳೆಣ್ಣೆ ಸವರಿ, ಬೆಚ್ಚಗೆ ಮಾಡಿ ಕುರುವಿಗೆ ಕಟ್ಟುವ ಮನೆಮದ್ದೂ ಉಂಟು. ರಾಯಚೂರು, ಕಲಬುರಗಿಯವರಿಗೆ ಮಾತ್ರ ಅದು ಮೊದಲಿಗೆ ಜೋಳದ ರೊಟ್ಟಿಯ ಜೊತೆಗಿನ ಪಲ್ಯ.